ಹೆಸರು ಮಡಚಿ ಓದುವ ಅಕ್ಕೋರು

ನೀಲವ್ವ ಅಕ್ಕೋರು ಯಾವ ಮಗುವಿನ ಫಲಿತಾಂಶದ ಹಾಳೆಯನ್ನು ಕೈಗೆ ತೆಗೆದುಕೊಂಡರೂ ಮೊದಲು ಅದರ ನೆತ್ತಿಯನ್ನು ಹಿಂದಕ್ಕೆ ಮಡಚುತ್ತಿದ್ದರು. ಮಗುವಿನ ಹೆಸರು, ಫೋಟೋ, ತಂದೆತಾಯಿಯ ಹೆಸರು ಇರುವಷ್ಟು ಭಾಗ ಪೂರ್ತಿ ಹಿಂದಕ್ಕೆ ಹೋಗಬೇಕು. ಮಡಿಕೆಯನ್ನು ಹೆಬ್ಬೆರಳ ಉಗುರಿನಿಂದ ಗೀರಿ, ಅದರ ಮೇಲೆ ತಮ್ಮ ಸ್ಟೀಲಿನ ಫೂಟ್‌ಪಟ್ಟಿ ಇಟ್ಟು, ಆಮೇಲೆ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಕನ್ನಡಕ ಮೊದಲೇ ಹಾಕಿಕೊಂಡರೆ ಹೆಸರು ಕಂಡುಬಿಡುತ್ತದಂತೆ.

"ಮಾರಿ ನೋಡಿ ಮಣಿ ಹಾಕೂದು ನನ್ನ ಕಡೆ ಆಗೂದಿಲ್ಲರಿ" ಎನ್ನುತ್ತಿದ್ದರು. "ಹೆಸರು ಕಂಡ್ರ ಕಣ್ಣು ತಾನ ಸುಳ್ಳು ಹೇಳ್ತದ. ಪರಿಚಯದವರ ಹುಡುಗ ಅಂದ್ರ ಐವತ್ತು ಸೈತ ದೊಡ್ಡದಾಗಿ ಕಾಣಸ್ತದ."

ಇದೆಲ್ಲ ನಡೆಯುತ್ತಿದ್ದದ್ದು ಪುಣೆಯ ಕೊಂಢವಾದ ನಮ್ಮ ಹೋಟೆಲಿನಲ್ಲಿ. ನಾನು, ನನ್ನ ಗಂಡ ಇಬ್ಬರೂ ಕುಂದಾಪುರದ ಕಡೆಯವರು. ಇಡ್ಲಿ ದೋಸೆ ಮಾಡುತ್ತ ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಭಾನುವಾರ ಬೆಳಗಿನ ದೋಸೆಯ ಗದ್ದಲ ಇಳಿದ ಮೇಲೆ, ಕೈತೊಳೆಯುವ ಬೇಸಿನ್ ಪಕ್ಕದ ಮೂಲೆಯ ಮೇಜಿಗೆ ಅಕ್ಕೋರು ಬಂದು ಕೂರುತ್ತಿದ್ದರು. ಖಾಸಗಿ ಶಾಲೆಗಳ ಪ್ರವೇಶ ಪರೀಕ್ಷೆಯ ಹಾಳೆಗಳು ಬರುವ ಕಾಲವೆಂದರೆ ಆ ಮೇಜಿನ ಸುತ್ತ ನಿಲ್ಲಲು ಜಾಗವಿರುತ್ತಿರಲಿಲ್ಲ. ಸುತ್ತಮುತ್ತಲಿನ ಕನ್ನಡದ ಮನೆಯವರೆಲ್ಲ ಅಲ್ಲಿಗೆ ಬರುತ್ತಿದ್ದರು. ಬಂದವರು ತಮ್ಮ ಹಾಳೆಯನ್ನು ನಮ್ಮ ವೇಟರ್‌ಗಳ ಒಂದು ಟ್ರೇಯಲ್ಲಿ ಮಗುಚಿ ಇಡಬೇಕು. ಅಕ್ಕೋರು ಇಸ್ಪೀಟಿನ ಎಲೆ ಕಲಸಿದ ಹಾಗೆ ಅದನ್ನೆಲ್ಲ ಕಲಸಿ, ಒಂದೊಂದೇ ಎತ್ತಿ, ಹೆಸರು ಮಡಚಿ, ಎಲ್ಲರೆದುರು ಓದಿ ವಿವರಿಸಿ, ಕೊನೆಗೆ ತಲೆ ಎತ್ತಿ ಕೇಳುತ್ತಿದ್ದರು: "ಇದು ಯಾರದರಿ?"

ಕೆಲವರು ಮೊಬೈಲು ಮುಂದೆ ಹಿಡಿಯುತ್ತಿದ್ದರು. ಅವರಿಗೆ ಒಂದೇ ಉತ್ತರ. "ಮೊಬೈಲು ಮಡಚಲಿಕ್ಕೆ ಬರೂದಿಲ್ಲ. ಕಾಗದ ತರ್ರಿ." ಎದುರಿನ ಝೆರಾಕ್ಸ್ ಅಂಗಡಿಯವನಿಗೆ ಭಾನುವಾರ ಕೂಡ ಬಾಗಿಲು ತೆರೆಯುವುದು ಹೀಗೆ ಅಭ್ಯಾಸವಾಯಿತು.

ಅಕ್ಕೋರು ವಿಜಾಪುರದ ಕಡೆಯವರು. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮಕ್ಕಳು ಕಡಿಮೆಯಾಗುತ್ತ ಆಗುತ್ತ ಕೊನೆಯ ವರ್ಷ ಒಂದು ತರಗತಿಯಲ್ಲಿ ನಾಲ್ಕೇ ಜನ ಉಳಿದರಂತೆ. ಶಾಲೆ ಮುಚ್ಚಿತು, ಇವರು ನಿವೃತ್ತರಾದರು. ಗಂಡ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಕಾತ್ರಜದಲ್ಲಿ ಒಂದು ಕೋಣೆಯ ಮನೆ. ಭಾನುವಾರ ಸಿಟಿ ಬಸ್ಸು ಹಿಡಿದು ಕೊಂಢವಾಕ್ಕೆ ಬರುವುದು, ಬಶಿಯಲ್ಲಿ ಚಹಾ ಸುರಿದುಕೊಂಡು ಕುಡಿಯುವುದು, ನಮ್ಮ ಚಟ್ನಿ ನೀರಾಗಿದೆ ಎಂದು ಹೇಳುವುದು, ಇವಿಷ್ಟು ತಪ್ಪುತ್ತಿರಲಿಲ್ಲ. ಚಟ್ನಿ ನೀರಾಗಿರುತ್ತಿತ್ತು ಎಂಬುದೂ ನಿಜ.

ಅವರು ನಮಗೆ ಗಂಟುಬಿದ್ದದ್ದು ಒಂದು ಶಿರಾದಿಂದ. ನನ್ನ ಮಗ ಪ್ರಣವ ಐದನೇ ತರಗತಿಯಲ್ಲಿದ್ದಾಗ ನಮ್ಮ ಹತ್ತಿರದ ದೊಡ್ಡ ಶಾಲೆಯೊಂದರ ಪ್ರವೇಶ ಪರೀಕ್ಷೆ ಬರೆದಿದ್ದ. ಹಾಳೆ ಬಂತು. ಅದರಲ್ಲಿ ದಪ್ಪ ಅಕ್ಷರದಲ್ಲಿ ನಲವತ್ತೊಂದು ಎಂದಿತ್ತು. ಮೂವತ್ತೈದಕ್ಕೆ ಪಾಸು ಎಂದು ಹುಟ್ಟಿದಂದಿನಿಂದ ತಿಳಿದವರು ನಾವು. ಇಂಗ್ಲಿಷ್ ಶಾಲೆಯ ಕಠಿಣ ಪರೀಕ್ಷೆಯಲ್ಲಿ ಆರು ಅಂಕ ಹೆಚ್ಚೇ ತೆಗೆದಿದ್ದಾನೆ ಎಂದು ನನ್ನ ಗಂಡ ಕುಣಿದರು. ಅಡುಗೆಯವರಿಗೆ ಹೇಳಿ ದೊಡ್ಡ ಬಾಣಲೆಯಲ್ಲಿ ಶಿರಾ ಮಾಡಿಸಿದರು. ಬಂದ ಗಿರಾಕಿಗಳಿಗೆಲ್ಲ ಒಂದೊಂದು ಚಮಚ, ದುಡ್ಡಿಲ್ಲದೆ.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಇಳಕಲ್ ಸೀರೆಯ ಹೆಂಗಸು ಶಿರಾ ತಿಂದು, ಏನು ವಿಶೇಷ ಎಂದು ಕನ್ನಡದಲ್ಲೇ ಕೇಳಿದರು. ನಾನು ಹೆಮ್ಮೆಯಿಂದ ಹಾಳೆಯನ್ನೇ ತಂದು ತೋರಿಸಿದೆ. ಅವರು ಅದರ ತಲೆ ಮಡಚಿದರು. ನನಗೆ ಸಿಟ್ಟು ಬಂತು, ಯಾರೋ ಗುರುತಿಲ್ಲದವರು ನನ್ನ ಮಗನ ಫೋಟೋ ಮಡಚುವುದೆಂದರೇನು. ಅವರು ಓದಿ ಮುಗಿಸಿ, ಹಾಳೆ ಮಗುಚಿ, ಹಿಂದಿನ ಪುಟದ ಇರುವೆಯಂಥ ಅಕ್ಷರಗಳನ್ನೂ ಓದಿದರು.

"ಇದು ಮಾರ್ಕ್ಸ್ ಅಲ್ಲರಿ ತಂಗಿ" ಎಂದರು. "ಇದಕ್ಕ ಪರ್ಸೆಂಟೈಲ್ ಅಂತಾರ. ಮಾರ್ಕ್ಸ್ ಅಂದ್ರ ಹುಡುಗ ಎಷ್ಟು ಬರದಾನ ಅನ್ನೂದು. ಇದು ಹುಡುಗ ಎಲ್ಲಿ ನಿಂತಾನ ಅನ್ನೂದು. ಮುಂಜಾನೆ ನಿಮ್ಮ ಬಾಗಿಲಿಗೆ ದೋಸೆಕ್ಕ ನೂರು ಮಂದಿ ಪಾಳಿ ಹಚ್ಚ್ಯಾರ ಅಂತ ತಿಳೀರಿ. ಈ ಹುಡುಗನ ಹಿಂದ ನಲವತ್ತೊಂದು ಮಂದಿ ಅದಾರ. ಮುಂದ ಐವತ್ತೆಂಟು ಮಂದಿ ಅದಾರ. ಆ ಸಾಲ್ಯಾಗ ಸೀಟು ಎಷ್ಟದಾವ?"

ನಲವತ್ತು ಸೀಟು ಎಂದೆ. ಅವರು ಬಶಿ ಎತ್ತಿ ಚಹಾ ಕುಡಿದರು. ಹೋಟೆಲಿನ ತುಂಬ ಜನ ನಮ್ಮ ಶಿರಾ ತಿನ್ನುತ್ತಿದ್ದರು. ಅವಮಾನವೆಂದರೆ ಏನೆಂದು ನನಗೆ ಅಂದು ತಿಳಿಯಿತು.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. "ಅಳಬ್ಯಾಡ್ರಿ. ಇನ್ನೊಂದು ಕೇಳ್ರಿ" ಎಂದರು. "ಪಾಳ್ಯಾಗ ಯಾರು ನಿಂತಾರ ಅನ್ನೂದನ್ನ ಮೊದಲು ಕೇಳಬೇಕು, ಆಮ್ಯಾಲೆ ಎಷ್ಟನೇದು ಅನ್ನೂದು. ಇಲ್ಲಿ ನಿಂತವರು ರಸ್ತೆದಾಗ ಹೋಗೂ ಮಂದಿ ಅಲ್ಲ. ಎರಡೆರಡು ವರ್ಷ ಟ್ಯೂಷನ್ ಹಾಕಿ ತಯಾರು ಮಾಡಿದ ಹುಡುಗರು. ಅಂಥವರ ನಡುವ ನಲವತ್ತೊಂದು ಅಂದ್ರ ನಿಮ್ಮ ಹುಡುಗ ದಡ್ಡ ಅಲ್ಲ. ಅವನಿಗೆ ಬಡೀಬ್ಯಾಡ್ರಿ."

ಪ್ರಣವನನ್ನು ಅಂದು ನಾವು ಹೊಡೆಯಲಿಲ್ಲ. ಅವನು ಬೇರೆ ಶಾಲೆ ಸೇರಿದ, ಚೆನ್ನಾಗಿಯೇ ಇದ್ದಾನೆ. ಮುಂದಿನ ಭಾನುವಾರ ನಾನೇ ಅಕ್ಕೋರಿಗೆ ಆ ಮೂಲೆಯ ಮೇಜು ಒರೆಸಿಕೊಟ್ಟೆ.

ಅವರ ಬಾಯಿ ಸಿಹಿಯಲ್ಲ. ಇದನ್ನು ಹೇಳದೆ ಬರೆದರೆ ಅವರೇ ಒಪ್ಪುವುದಿಲ್ಲ. ಒಬ್ಬ ತಾಯಿ ತನ್ನ ಮಗಳ ಹಾಳೆಯ ಮೇಲೆ ಕಣ್ಣೀರು ಹಾಕಿದಾಗ, "ಅಳೂದಿದ್ರ ಆಕಡೆ ಹೋಗಿ ಅಳ್ರಿ, ಉಳದವರ ಕಾಗದ ತೋಯ್ತಾವ" ಎಂದಿದ್ದರು. ಇನ್ನೊಮ್ಮೆ ಬೆಂಗಳೂರಿನ ಒಬ್ಬ ಐಟಿಯವರು ಬಂದರು. ಮಗನಿಗೆ ಎಂಬತ್ತೆಂಟು ಬಂದಿತ್ತು. ಅಕ್ಕೋರು ಓದಿ, ಯಾರದು ಎಂದ ಕೂಡಲೇ ಅವರು ಮುಂದೆ ಬಂದು, "ಮೇಡಂ, ಟ್ವೆಲ್ವ್ ಮಾರ್ಕ್ಸ್ ಎಲ್ಲಿ ಕಟ್ ಆಗಿದೆ ಅಂತ ಸ್ವಲ್ಪ ನೋಡ್ತೀರಾ? ರೀವ್ಯಾಲ್ಯುಯೇಷನ್‌ಗೆ ಹಾಕ್ಬೋದು ಅನ್ಸುತ್ತೆ" ಎಂದರು.

"ನೀವು ಎಂಜಿನಿಯರ್ ಅಲ್ಲೇನ್ರಿ?"

"ಹೌದು ಮೇಡಂ."

"ಹಂಗಾದ್ರ ಹಿಂದಿನ ಪುಟ ಓದ್ರಿ. ದೊಡ್ಡ ದನೀಲೆ ಓದ್ರಿ, ಎಲ್ಲಾರಿಗೂ ಕೇಳಲಿ."

ಅವರು ನಿಂತಲ್ಲೇ ಇಡೀ ಹಿಂದಿನ ಪುಟವನ್ನು ಓದಬೇಕಾಯಿತು. ಈ ಅಂಕೆ ಶೇಕಡಾವಾರು ಅಂಕವಲ್ಲ, ಅದೇ ಪರೀಕ್ಷೆ ಬರೆದ ಇತರ ಮಕ್ಕಳ ಜೊತೆಗಿನ ಹೋಲಿಕೆ ಮಾತ್ರ. ಅದೇ ಮಗು ಇನ್ನೊಂದು ದಿನ ಬರೆದರೆ ಅಂಕೆ ಸ್ವಲ್ಪ ಆಚೀಚೆ ಆದೀತು. ಹತ್ತಿರ ಹತ್ತಿರದ ಅಂಕೆಗಳ ನಡುವೆ ದೊಡ್ಡ ವ್ಯತ್ಯಾಸ ಕಲ್ಪಿಸಿಕೊಳ್ಳಬಾರದು. ಎಲ್ಲ ಅಲ್ಲೇ ಇತ್ತು. "ಎಲ್ಲಾ ಬರದಾರ, ಓದವರಿಲ್ಲ" ಎಂದು ಅಕ್ಕೋರು ಮುಂದಿನ ಹಾಳೆಗೆ ಕೈ ಹಾಕಿದರು. ನಾವೆಲ್ಲ ನಕ್ಕೆವು. ದೊಡ್ಡ ಸಂಬಳದವರೂ ನಮ್ಮಂತೆಯೇ ಮೂವತ್ತೈದು, ಅರವತ್ತು, ಎಪ್ಪತ್ತೈದರ ಲೆಕ್ಕದಲ್ಲೇ ಬೆಳೆದವರು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಆ ಹಿಂದಿನ ಪುಟ ನನಗೂ ಬಾಯಿಪಾಠವಾಯಿತು. ಮೂರು ನಾಲ್ಕು ವರ್ಷ ಅವರ ಮುಂದೆ ಚಹಾ ಇಡುತ್ತ, ಕೇಳುತ್ತ ಕೇಳುತ್ತ, ವಾರದ ದಿನಗಳಲ್ಲಿ ಯಾರಾದರೂ ಬಂದರೆ ನಾನೇ ಓದಿ ಹೇಳುವಷ್ಟಾದೆ. ಅಕ್ಕೋರಿಗೂ ಅದು ಗೊತ್ತಿತ್ತು. "ನಾ ಇಲ್ಲಂದ್ರ ವನಜಾಬಾಯಿ ಅದಾರ. ಅವರು ಓದಿದ್ರ ನಾ ಓದಿದಂಗ" ಎಂದು ಒಮ್ಮೆ ಎಲ್ಲರೆದುರು ಹೇಳಿದರು. ಯಾರನ್ನೂ ಹೊಗಳದ ಬಾಯಿಂದ ಬಂದ ಆ ಒಂದು ಮಾತನ್ನು ನಾನು ವಾರಗಟ್ಟಲೆ ಮೆಲುಕು ಹಾಕಿದೆ. ಮುಂದೆ ಅದನ್ನು ಯಾವುದಕ್ಕೆ ಬಳಸಿದೆ ಎಂಬುದನ್ನು ಈಗ ಹೇಳಬೇಕು.

ನನ್ನ ಮಗಳು ಸ್ವಾತಿ ಐದನೇ ತರಗತಿ ಮುಗಿಸುವ ವರ್ಷ. ಪ್ರಣವನಿಗೆ ಸಿಗದ ಅದೇ ಶಾಲೆ. ಅದರಲ್ಲಿ ಕನ್ನಡದ ಮನೆಗಳ ಮಕ್ಕಳಿಗೆಂದು ಕೆಲವು ಸೀಟುಗಳಿದ್ದವು, ಆ ಸೀಟಿನವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇತ್ತು. ಪರೀಕ್ಷೆಯ ಅಂಕೆಯ ಕ್ರಮದಲ್ಲಿ ಅವನ್ನು ಕೊಡುತ್ತಿದ್ದರು. ಸ್ವಾತಿ ಎರಡು ವರ್ಷ ಅದಕ್ಕಾಗಿಯೇ ಓದಿದ್ದಳು. ಅಣ್ಣನಿಗೆ ಆದದ್ದು ತನಗೆ ಆಗಬಾರದು ಎಂಬ ಹಟ ಅವಳಿಗಿಂತ ನನಗೆ ಹೆಚ್ಚು.

ಆ ಭಾನುವಾರ ಅವಳ ಹಾಳೆಯನ್ನೂ ಎಲ್ಲರ ಹಾಳೆಯ ಜೊತೆ ಟ್ರೇಯಲ್ಲಿಟ್ಟೆ. ಅಕ್ಕೋರು ಅದನ್ನು ಎತ್ತಿದಾಗ ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದೆ. "ಅರವತ್ನಾಲ್ಕು" ಎಂದರು. "ಚಲೋ ಅದ. ಆ ಸಾಲ್ಯಾಗ ಕನ್ನಡದವರ ಸೀಟು ಒಂದ ಉಳದದ ಅಂತ ಕೇಳೇನಿ. ಇದರ ಮುಂದ ಮತ್ತ ಯಾರೂ ಇಲ್ಲಂದ್ರ ಈ ಕೂಸಿಗೆ ಸಿಗ್ತದ. ಯಾರದರಿ ಇದು?"

ನಂದೇ ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಹಾಳೆಯ ಮಡಿಕೆ ಬಿಡಿಸಿ, ಅಂಗೈಯಿಂದ ಉಜ್ಜಿ ಸರಿಮಾಡಿ ಕೊಟ್ಟರು. ಬೇರೆ ಯಾರ ಹಾಳೆಯನ್ನೂ ಅವರು ಹಾಗೆ ಉಜ್ಜಿ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ನನ್ನ ಭಾವನ ಫೋನು ಬಂತು. ಗಂಡನ ಅಣ್ಣ, ಆ ಶಾಲೆಯ ಕಮಿಟಿಯಲ್ಲಿ ಇದ್ದವರು. "ವನಜ, ಸ್ವಾತಿಯ ಮುಂದೆ ಒಂದು ಹೆಣ್ಣು ಉಂಟು ಮಾರಾಯ್ತಿ" ಎಂದರು. "ಸೆಂಟ್ರಿಂಗ್ ಕೆಲಸದ ಸಿದ್ದಪ್ಪ ಇಲ್ವಾ, ಅವನ ಮಗಳು. ಎಪ್ಪತ್ತೊಂದು. ಅವನು ಶನಿವಾರದ ಒಳಗೆ ಬಂದು ಸಹಿ ಹಾಕ್ಬೇಕು. ಹಾಕದೆ ಇದ್ರೆ ಮುಂದಿನ ಹೆಸರು ನಮ್ದೇ. ನಾನೇನೂ ಮಾಡ್ಲಿಕ್ಕೆ ಹೋಗುದಿಲ್ಲ ಆಯ್ತಾ. ಹೀಗುಂಟು ಅಂತ ಹೇಳಿದೆ ಅಷ್ಟೆ."

ಸಿದ್ದಪ್ಪನನ್ನು ನನಗೆ ಚೆನ್ನಾಗಿ ಗೊತ್ತಿತ್ತು. ಯಾದಗಿರಿ ಕಡೆಯವನು, ಕೊಂಢವಾದ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದ. ಭಾನುವಾರವೂ ಅವನಿಗೆ ಕೆಲಸ ಇರುತ್ತಿದ್ದರಿಂದ ಅಕ್ಕೋರ ಮೇಜಿಗೆ ಎಂದೂ ಬಂದಿರಲಿಲ್ಲ. ಮಗಳು ಭಾಗ್ಯ ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಓದುತ್ತಿದ್ದಳು. ಅವಳ ಮಾಸ್ತರೇ ಒತ್ತಾಯ ಮಾಡಿ ಪರೀಕ್ಷೆಗೆ ಕೂರಿಸಿದ್ದರಂತೆ. ಟ್ಯೂಷನ್ ಇಲ್ಲ, ಏನಿಲ್ಲ. ಎಪ್ಪತ್ತೊಂದು.

ಬುಧವಾರ ಮಧ್ಯಾಹ್ನ ಸಿದ್ದಪ್ಪ ಹೋಟೆಲಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಾಳೆ. ಸಿಮೆಂಟಿನ ಕೈ ಎಂದು ಅದನ್ನು ಮುಟ್ಟದೆ, ಚೀಲವನ್ನೇ ನನ್ನ ಮುಂದೆ ಇಟ್ಟ.

"ಬಾಯಾರ, ಅಕ್ಕೋರು ಇಲ್ಲದಾಗ ನೀವ ಓದತೀರಂತ. ಇದು ನಮ್ಮ ಭಾಗ್ಯಾಂದರಿ. ಎಷ್ಟು ಬಂದದ ನೋಡ್ರಿ."

ನಾನು ಹಾಳೆ ತೆಗೆದೆ. ಹೆಸರು ಮಡಚಲಿಲ್ಲ. ಎರಡು ಜಡೆಯ, ಮೂಗುಬೊಟ್ಟಿನ ಹುಡುಗಿ ಫೋಟೋದಿಂದ ನೇರ ನನ್ನನ್ನೇ ನೋಡುತ್ತಿದ್ದಳು. ಕೆಳಗೆ ಕೊನೆಯಲ್ಲಿ ಇಂಗ್ಲಿಷಿನ ಒಂದು ಸಾಲು ಇತ್ತು, ಶನಿವಾರದೊಳಗೆ ಪಾಲಕರು ಕಚೇರಿಗೆ ಬಂದು ಸಹಿ ಮಾಡತಕ್ಕದ್ದು ಎಂದು.

"ಎಪ್ಪತ್ತೊಂದು ಬಂದಿದೆ" ಎಂದೆ.

ಅವನ ಮುಖ ಅರಳಿತು. "ಎಪ್ಪತ್ತೊಂದು ಅಂದ್ರ ಚಲೋನ ಅಲ್ರಿ?"

ಆ ಕ್ಷಣ ನಾನು ಪ್ರಣವನ ಶಿರಾವನ್ನು ನೆನೆದೆ. ಅಂಕೆ ಕಂಡರೆ ಮಾರ್ಕ್ಸ್ ಎಂದೇ ತಿಳಿಯುವ ನಮ್ಮ ದಡ್ಡತನ ಎಷ್ಟು ಗಟ್ಟಿ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದರ ಮೇಲೆ ಏನು ಕಟ್ಟಿದರೂ ನಿಲ್ಲುತ್ತದೆ.

"ಒಳ್ಳೇದೇ ಸಿದ್ದಪ್ಪ. ಫಸ್ಟ್ ಕ್ಲಾಸು. ಆದ್ರೆ ಆ ಶಾಲೆಗೆ ಡಿಸ್ಟಿಂಕ್ಷನ್ ಬೇಕು. ಎಪ್ಪತ್ತೈದು. ನಾಲ್ಕು ಕಡಿಮೆ ಆಯ್ತು."

ಅವನು ಅದನ್ನು ನಂಬಿಬಿಟ್ಟ. ಎಪ್ಪತ್ತೈದಕ್ಕೆ ಡಿಸ್ಟಿಂಕ್ಷನ್ ಎಂಬುದು ಅವನಿಗೂ ಗೊತ್ತಿತ್ತು, ಯಾರಿಗೆ ಗೊತ್ತಿಲ್ಲ. "ನಾಲ್ಕಕ್ಕ ಹೋತು ನೋಡ್ರಿ" ಎಂದ. ಹಾಳೆಯ ತಳದ ಸಾಲಿಗೆ ಬೆರಳು ತೋರಿಸಿ, "ತಳಗ ಏನೋ ಬರದಾರಲ್ರಿ?" ಎಂದು ಕೇಳಿದ.

"ಅದು ಎಲ್ಲರಿಗೂ ಬರೆಯುದು" ಎಂದೆ. ಅವನಿಗೆ ಒಂದು ಚಹಾ ಕೊಡಿಸಿದೆ. ಕುಡಿದು ಹೋದ.

ಶನಿವಾರ ಸಂಜೆ ಭಾವ ಫೋನು ಮಾಡಿ, ಸೀಟು ನಮ್ಮದೇ, ಬಂದು ಸಹಿ ಹಾಕಿ ಎಂದರು. ನನ್ನ ಗಂಡ ಹೋಗಿ ಹಾಕಿ ಬಂದರು. ಸ್ವಾತಿ ನನ್ನ ಕೊರಳಿಗೆ ಜೋತುಬಿದ್ದಳು. ನನಗೆ ಆ ದಿನ ಪಶ್ಚಾತ್ತಾಪ ಆಗಿರಲಿಲ್ಲ. ಆಗಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಖುಷಿಯಾಗಿತ್ತು, ಅಷ್ಟೇ.

ಭಾನುವಾರ ಎಂದಿನಂತೆ ಟ್ರೇ ತುಂಬಿತ್ತು. ನಾನು ಗಲ್ಲಾದ ಹಿಂದೆ ನಿಂತಿದ್ದೆ. ಅಕ್ಕೋರು ಒಂದು ಹಾಳೆ ಎತ್ತಿ, ಮಡಚಿ, ಪಟ್ಟಿ ಇಟ್ಟು ಓದಿದರು. "ಎಪ್ಪತ್ತೊಂದು. ಭಾಳ ಚಲೋ ಜಾಗಾ. ಗಣಿತದಾಗ ಇನ್ನೂ ಮುಂದದ. ತಳಗ ಶನಿವಾರದ ಒಳಗ ಬಂದು ಸಹಿ ಮಾಡ್ರಿ ಅಂತ ಬರದಾರ. ಮಾಡೀರೇನು? ಯಾರದರಿ ಇದು?"

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಸಿದ್ದಪ್ಪ ಮುಂದೆ ಬಂದ. ಆ ದಿನ ಅವನಿಗೆ ಕೆಲಸವಿರಲಿಲ್ಲವಂತೆ, ಮುಂದಿನ ವರ್ಷಕ್ಕೆ ಆ ನಾಲ್ಕು ಅಂಕ ಹೇಗೆ ತುಂಬಿಸುವುದೆಂದು ಕೇಳಲು ಬಂದಿದ್ದ.

"ನಮ್ಮ ಹುಡುಗೀದರಿ ಅಕ್ಕೋರ. ಡಿಸ್ಟಿಂಕ್ಷನ್ ಬೇಕಂತಲ್ರಿ. ನಾಲ್ಕಕ್ಕ ಹೋತಂತ."

"ಯಾರು ಹೇಳಿದ್ರು ಡಿಸ್ಟಿಂಕ್ಷನ್ ಬೇಕಂತ?"

"ಬಾಯಾರು ಹೇಳಿದ್ರಿ" ಎಂದು ನನ್ನ ಕಡೆ ಕೈ ಮಾಡಿದ. ದೂರುವ ದನಿಯಲ್ಲ. ಓದಿ ಹೇಳಿ ಉಪಕಾರ ಮಾಡಿದವರು ಇವರು ಎನ್ನುವ ದನಿ. ಮತ್ತೆ ಅವನೇ ಹೇಳಿದ. "ಹುಡುಗಿ ಓದಿದ್ಳರಿ. ಶನಿವಾರ ಹೋಗಬೇಕಂತ ಬರದಾರ ಅಪ್ಪಾ, ಅಂದ್ಳು. ನಾನ ಬೈದೆ. ಹೋಟೆಲ್ ಬಾಯಾರು ಓದ್ಯಾರ, ನಿನಗೇನು ತಿಳೀತದ ಅಂತ ಬೈದೆ."

ಅಕ್ಕೋರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಲೆಕ್ಕ ತಪ್ಪಿದ ಮಗುವನ್ನು ನೋಡುವ ಹಾಗೆ ನೋಡಿದರು. ಎಲ್ಲಿ ತಪ್ಪಿತು ಎಂದು ಹುಡುಕುವ ನೋಟ. ಹುಡುಕಿ, ಅದು ತಪ್ಪಲ್ಲ, ಬೇಕೆಂದೇ ಮಾಡಿದ್ದು ಎಂದು ಅವರಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು.

"ಅರವತ್ನಾಲ್ಕಕ್ಕೂ ಎಪ್ಪತ್ತೊಂದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಅಂತ ಹಿಂದಿನ ಪುಟದಲ್ಲೇ ಉಂಟಲ್ಲ ಅಕ್ಕೋರೇ" ಎಂದೆ ನಾನು. ಯಾಕೆ ಹಾಗೆ ಹೇಳಿದೆನೋ. ಬಾಯಿಪಾಠವಾದದ್ದು ಬಾಯಿಗೆ ಬಂತು. "ನೀವೇ ಹೇಳಿಕೊಟ್ಟದ್ದು."

"ಫರಕ್ ಇಲ್ಲಂದ್ರ ಇಬ್ಬರನ್ನೂ ಕರೀರಿ ಅಂತ ಕೇಳಬೇಕಿತ್ತು" ಎಂದರು ಅವರು. "ಒಬ್ಬಾಕಿನ್ನ ಮನಿಗೆ ಕಳಸ್ರಿ ಅಂತ ನಾ ಎಲ್ಲಿ ಹೇಳಿಕೊಟ್ಟೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇದನ್ನು ಅವರು ನನ್ನನ್ನು ಒಳಗೆ ಕರೆದು ಕೇಳಬಹುದಿತ್ತು, ಇಷ್ಟು ವರ್ಷ ಚಹಾ ಕೊಟ್ಟವಳಲ್ಲವೇ ನಾನು ಎಂದು ನನಗೆ ಉರಿಯಿತು. ನನ್ನ ಬಾಯಿಂದ ಬಂದ ಮಾತು ಇದು. "ಅಕ್ಕೋರೇ, ನಾಳೆಯಿಂದ ಆ ಟೇಬಲ್ಲು ಗಿರಾಕಿಗಳಿಗೆ ಬೇಕು. ನಿಮ್ಮ ಕೂಟ ಬೇರೆ ಕಡೆ ಮಾಡಿಕೊಳ್ಳಿ."

ಅವರು ಟ್ರೇಯಲ್ಲಿ ಉಳಿದಿದ್ದ ಹಾಳೆಗಳನ್ನು ಮಗುಚಿದ ಹಾಗೆಯೇ ಬಿಟ್ಟು, ಫೂಟ್‌ಪಟ್ಟಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಬಶಿಯಲ್ಲಿದ್ದ ಚಹಾವನ್ನು ಕುಡಿಯಲಿಲ್ಲ. ಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟು, "ನಡೀರಿ, ನಾಳಿ ಮುಂಜಾನೆ ಸಾಲಿಗೆ ಹೋಗೋಣು" ಎಂದರು. ಇಬ್ಬರೂ ಹೊರಗೆ ಹೋದರು.

ಸೋಮವಾರ ಅವರಿಬ್ಬರೂ ಶಾಲೆಯ ಗೇಟಿನಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದರೆಂದು ಆಮೇಲೆ ಕೇಳಿದೆ. ಕಾವಲಿನವನು "ಸಾಹೇಬ್ ನಾಹೀತ್", ಸಾಹೇಬರಿಲ್ಲ ಎಂದು ಮರಾಠಿಯಲ್ಲಿ ಹೇಳಿ ಹೇಳಿ ಕೊನೆಗೆ ಒಳಗೆ ಬಿಟ್ಟನಂತೆ. ಒಳಗಿನವರು ಮರ್ಯಾದೆಯಿಂದಲೇ ಮಾತಾಡಿದರಂತೆ. ಶನಿವಾರ ಎಂದು ಬರೆದಿತ್ತು, ಶನಿವಾರ ನೀವು ಬರಲಿಲ್ಲ, ಸೀಟು ಮುಂದಿನವರಿಗೆ ಹೋಯಿತು, ನಿಯಮದಲ್ಲಿ ತಪ್ಪೇನಿದೆ ಎಂದರಂತೆ. ತಪ್ಪು ನಿಯಮದಲ್ಲಿ ಇರಲಿಲ್ಲ, ನಮ್ಮ ಹೋಟೆಲಿನ ಗಲ್ಲಾದ ಹಿಂದೆ ನಿಂತಿತ್ತು. ಆ ಕಟ್ಟಡ ಮುಗಿದ ಮೇಲೆ ಸಿದ್ದಪ್ಪ ಬೇರೆ ಎಲ್ಲಿಗೋ ಹೋದ. ಎಲ್ಲಿಗೆಂದು ಕೇಳುವ ಮುಖ ನನಗಿರಲಿಲ್ಲ.

ಅಕ್ಕೋರು ಮತ್ತೆ ಹೋಟೆಲಿಗೆ ಬರಲಿಲ್ಲ. ಭಾನುವಾರ ಆ ಮೂಲೆಯ ಮೇಜಿನಲ್ಲಿ ಗಿರಾಕಿಗಳು ಕೂತು ದೋಸೆ ತಿಂದರು. ಹಾಳೆ ಹಿಡಿದು ಬಂದವರು ಖಾಲಿ ಮೂಲೆ ನೋಡಿ ನನ್ನನ್ನು ಕೇಳಿದರು. ನನಗೆ ಓದಲು ಬರುವುದಿಲ್ಲ ಎಂದೆ. ಅವರು ಮೊಬೈಲಿನಲ್ಲೇ ನೋಡಿಕೊಂಡು, ಮೂವತ್ತೈದು ದಾಟಿದರೆ ನಗುತ್ತ, ಇಲ್ಲದಿದ್ದರೆ ಮಕ್ಕಳ ಕಿವಿ ಹಿಂಡುತ್ತ ಹೋದರು.

ಎರಡು ವರ್ಷ ಕಳೆಯಿತು. ಅಕ್ಕೋರ ಕಣ್ಣಿನ ಆಪರೇಷನ್ ಸರಿಯಾಗಲಿಲ್ಲ, ಕಾತ್ರಜದ ಕೋಣೆ ಬಿಟ್ಟು ಇಂದಾಪುರದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ ಎಂದು ಹಳೆಯ ಗಿರಾಕಿಯೊಬ್ಬರು ಹೇಳಿದರು. ಅದೇ ವಾರ ಸ್ವಾತಿಯ ಹಾಳೆ ಬಂದಿತ್ತು. ಅವಳ ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಅದೇ ಬಗೆಯ ಪರೀಕ್ಷೆ ಇನ್ನೊಮ್ಮೆ ಮಾಡುತ್ತಾರೆ. "ಅಮ್ಮ, ಅಕ್ಕೋರಿಗೆ ತೋರಿಸುವಾ" ಎಂದಳು. ಅವಳಿಗೆ ಏನೂ ಗೊತ್ತಿಲ್ಲ. ಅವರು ತಾವಾಗಿಯೇ ಬರುವುದು ಬಿಟ್ಟರು ಎಂದೇ ಅವಳು ತಿಳಿದಿದ್ದಳು. ಆ ಹಾಳೆಯನ್ನೇ ನೆವ ಮಾಡಿಕೊಂಡು ನಾನೊಬ್ಬಳೇ ಇಂದಾಪುರದ ಎಸ್‌ಟಿ ಬಸ್ಸು ಹತ್ತಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿದಷ್ಟೂ ಒಳ್ಳೆಯದೇ ಅನ್ನಿಸುತ್ತಿತ್ತು.

ಅಂಗಳದಲ್ಲಿ ಆಡುತ್ತಿದ್ದ ಹುಡುಗಿ ಒಳಗೆ ಓಡಿ, "ಆಜೀ, ಪುಣ್ಯಾಚ್ಯಾ ಬಾಯೀ ಆಲ್ಯಾ" ಎಂದು ಕೂಗಿದಳು. ಪುಣೆಯ ಬಾಯಿ ಬಂದಿದ್ದಾರೆ ಎಂದು. ಅಕ್ಕೋರು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ತೂಕ ಇಳಿದಿತ್ತು. ನಾನು ಬಾಯಿ ತೆರೆದ ಕೂಡಲೇ ದನಿ ಗುರುತಿಸಿದರು.

"ವನಜಾಬಾಯಿ ಏನು. ಬರ್ರಿ, ಕೂಡ್ರಿ. ಚಟ್ನಿ ಇನ್ನೂ ನೀರ ಅದ ಏನು?"

ಜೋಡಿಸಿಕೊಂಡು ಬಂದ ಮಾತುಗಳನ್ನು ಬದಿಗಿಟ್ಟು ಚೀಲಕ್ಕೆ ಕೈ ಹಾಕಿದೆ. ಒಂದು ಹಾಳೆ ತಂದಿದ್ದೇನೆ ಎಂದೆ.

"ನನಗ ಕಾಣೂದಿಲ್ಲರಿ ಈಗ. ನೀವ ಓದ್ರಿ. ಮೊದಲು ಹೆಸರು ಮಡಚ್ರಿ."

ಮಡಚ್ರಿ ಎಂದ ಮೇಲೆ ಮಡಚಿದೆ. ಹೆಬ್ಬೆರಳ ಉಗುರಿನಿಂದ ಗೀರಿದೆ. ಎಂಬತ್ತೆರಡು ಎಂದು ಓದಿದೆ.

"ಚಲೋ ಅದ. ಹಿಂದಿನ ಪುಟ ನೋಡ್ರಿ. ಪಾಳ್ಯಾಗ ಯಾರು ನಿಂತಾರ?"

"ಆ ಶಾಲೆಯ ಏಳನೇ ತರಗತಿಯ ಮಕ್ಕಳು."

"ಯಾರದು ಇದು?"

"ನಮ್ಮ ಸ್ವಾತೀದು, ಅಕ್ಕೋರೇ."

ಅವರು ತಲೆಯಾಡಿಸಿದರು. ಹೊರಗಿನ ಬಿಸಿಲಿನ ಕಡೆ ಮುಖ ತಿರುಗಿಸಿ ಕೇಳಿದರು. "ಆ ಎಪ್ಪತ್ತೊಂದು ಎಲ್ಲದ?"

ಆ ಹುಡುಗಿಯ ಹೆಸರು ಅವರು ನೆನಪಿಟ್ಟುಕೊಂಡಿರಲಿಲ್ಲ. ಅಂಕೆ ಮರೆತಿರಲಿಲ್ಲ.

"ಗೊತ್ತಿಲ್ಲ" ಎಂದೆ.

"ಹಂಗಾರ ಈ ಪಾಳಿ ಪೂರ್ತಿ ಇಲ್ಲ ಬಿಡ್ರಿ" ಎಂದರು. "ಇದನ್ನ ಓದಿ ಉಪಯೋಗ ಇಲ್ಲ."

ಇಷ್ಟೇ ಹೇಳಿ ಒಳಗಿನವರಿಗೆ ಮರಾಠಿಯಲ್ಲಿ ಚಹಾ ತರಲು ಕೂಗಿದರು. ಕಪ್ಪಿನ ಜೊತೆ ಬಶಿಯೂ ಬಂತು. ಬಶಿಗೆ ಸುರಿಯುವಾಗ ಅವರಿಗೆ ಅಂಚು ಕಾಣದೆ ಚೆಲ್ಲಿತು. ನಾನು ಸುರಿದುಕೊಟ್ಟೆ. ಕುಡಿದರು. ಮಳೆಗಾಲದಲ್ಲಿ ಅವರು ತೀರಿಕೊಂಡರೆಂದು ತಿಳಿಯಿತು, ಮಣ್ಣೆಲ್ಲ ಆದ ಎಷ್ಟೋ ದಿನಗಳ ಮೇಲೆ.

ಇಂದಾಪುರದಿಂದ ಬಂದ ಆ ಸಂಜೆಯದನ್ನೂ ಹೇಳಿಬಿಡುತ್ತೇನೆ. ಸ್ವಾತಿ ಹೋಟೆಲಿನ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಮಡಿಕೆ ಬಿಡಿಸಿ ತನ್ನ ಹೆಸರು ನೋಡಿಕೊಂಡು, "ಅಕ್ಕೋರು ಎಂತ ಹೇಳಿದ್ರು?" ಎಂದು ಕೇಳಿದಳು.

"ಭಾರಿ ಒಳ್ಳೇದು ಬಂದಿದೆ ಹೇಳಿದ್ರು" ಎಂದೆ.

ಅವಳು ಅಪ್ಪನಿಗೆ ಹೇಳಲು ಓಡಿದಳು. ನನ್ನ ಗಂಡ ಕೂತಲ್ಲಿಂದಲೇ ಅಡುಗೆಮನೆಗೆ ಕೂಗಿ, ಬಂದವರಿಗೆಲ್ಲ ಒಂದೊಂದು ಚಮಚ ಶಿರಾ ಕೊಡಿ ಎಂದರು. ಅಡುಗೆಯವರು ಆಗಲೇ ಮನೆಗೆ ಹೊರಟಿದ್ದರು. ಬಾಣಲೆ ಇಟ್ಟು, ತುಪ್ಪ ಹಾಕಿ, ರವೆ ಹುರಿಯಲು ನಾನೇ ನಿಂತೆ.